ಶೆಡ್ ಕಂಬಕ್ಕೆ ತಂದ ಪೈಪು ಮಧ್ಯೆ 18 ಮಿಮೀ ಡೊಂಕಿದೆ, ನಿಲ್ಲಿಸ್ಬಹುದಾ?

ಅಡಿಕೆತೋಟ_ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ಕಡೆ. ಮನೆ ಹಿಂದೆ ಅಡಿಕೆ ಬೇಯಿಸೋಕೆ, ಮಳೆ ಬಂದಾಗ ಒಣಗ್ತಾ ಇರೋದನ್ನ ಎಳ್ದು ಒಳಗೆ ಹಾಕೋಕೆ ಅಂತ ಒಂದು ಶೀಟಿನ ಶೆಡ್ ಮಾಡಿಸ್ತಾ ಇದೀವಿ. 20 ಅಡಿಗೆ 20 ಅಡಿ, ನಾಲ್ಕು ಮೂಲೆಗೆ ನಾಲ್ಕೇ ಕಂಬ, ಎತ್ತರ 13 ಅಡಿ. ಕಂಬಕ್ಕೆ 60ಕ್ಕೆ 60ರ ಚೌಕ ಪೈಪು, ದಪ್ಪ 3 ಮಿಮೀ.

ವಿಷಯ ಏನಂದ್ರೆ, ಬಂದಿರೋ ಪೈಪಲ್ಲಿ ಒಂದು ಕಣ್ಣಿಗೆ ಕಾಣೋ ಹಂಗೆ ಬಾಗಿದೆ. ಎರಡು ತುದಿಗೂ ಸಿಮೆಂಟ್ ಬ್ಲಾಕ್ ಕೊಟ್ಟು ಮಲಗಿಸಿ, ಉಬ್ಬು ಕೆಳಗೆ ಬರೋ ಹಾಗೆ ಇಟ್ಟು, ತುದಿಯಿಂದ ತುದಿಗೆ ದಾರ ಎಳ್ದು ಅಳತೆ ಮಾಡಿದ್ರೆ ಮಧ್ಯದಲ್ಲಿ 18 ಮಿಮೀ ಬರ್ತಿದೆ. ಇನ್ನೊಂದು ಕಂಬ ಆಗ್ಲೇ ನಿಲ್ಲಿಸಿ ಕಾಂಕ್ರೀಟ್ ಹಾಕಾಗಿದೆ, ಅದು ನೆಟ್ಟಗಿದೆ ಆದ್ರೆ ತೂಕದ ಗುಂಡು ಬಿಟ್ಟು ನೋಡಿದ್ರೆ ತಲೆ 25 ಮಿಮೀ ಆಚೆ ಹೋಗಿದೆ. ವೆಲ್ಡಿಂಗ್ ಮಾಡೋರು ಇದೆಲ್ಲ ಏನೂ ಆಗಲ್ಲ, ಮೇಲೆ ಫ್ರೇಮ್ ಕೂತ ಮೇಲೆ ಸರಿ ಹೋಗತ್ತೆ ಅಂತಾರೆ. ಪರಿಚಯದ ಇಂಜಿನಿಯರ್ ಒಬ್ರು ಫೋಟೋ ನೋಡಿ ಬೇಡವೇ ಬೇಡ ಅಂದ್ರು, ಯಾಕೆ ಅಂತ ಕೇಳೋಷ್ಟರಲ್ಲಿ ಅವರಿಗೆ ಬೇರೆ ಕೆಲಸ ಬಂತು.

ನಾನು ನನಗೆ ತಿಳಿದ ಹಾಗೆ ಲೆಕ್ಕ ಹಾಕ್ದೆ. ಪೈಪಿನ ಕಬ್ಬಿಣ ಒಂದು ಚದರ ಮಿಮೀಗೆ 240 ನ್ಯೂಟನ್ ತಡೆಯತ್ತಂತೆ, ಪೈಪಿನ ಕತ್ತರಿಸಿದ ಮುಖದಲ್ಲಿ ಕಬ್ಬಿಣ ಇರೋದು 684 ಚದರ ಮಿಮೀ, ಗುಣಿಸಿದ್ರೆ ಹತ್ತಿರ ಹತ್ತಿರ 16 ಟನ್. ನನ್ನ ಶೆಡ್ಡಲ್ಲಿ ಒಂದು ಕಂಬಕ್ಕೆ ಹೆಚ್ಚಂದ್ರೆ 800 ಕೆಜಿ ಬೀಳ್ಬಹುದು. 20 ಪಟ್ಟು ಶಕ್ತಿ ಇರೋವಾಗ ಹೆಬ್ಬೆಟ್ಟಷ್ಟು ಡೊಂಕಿಗೆ ಯಾಕೆ ಹೆದರಬೇಕು? ಗೊತ್ತಿರೋರು ಬಿಡಿಸಿ ಹೇಳಿ, ಪೈಪ್ ವಾಪಸ್ ಕೊಡ್ಬೇಕಾ ಅನ್ನೋದು ಈ ವಾರದಲ್ಲೇ ತೀರ್ಮಾನ ಆಗ್ಬೇಕು.

ಸಿವಿಲ್_ಆರನೇ_ಸೆಮ್

ಸರ್ ನಿಮ್ಮ 16 ಟನ್ ಲೆಕ್ಕ ತಪ್ಪು, ಅದು ಕಂಬ ಗಿಡ್ಡ ಇದ್ದು ಜಜ್ಜಿ ಹೋಗೋ ಲೆಕ್ಕ. ಉದ್ದ ಕಂಬ ಜಜ್ಜಿ ಹೋಗಲ್ಲ, ಅದಕ್ಕಿಂತ ತುಂಬಾ ಮೊದಲೇ ಪಕ್ಕಕ್ಕೆ ಬಾಗಿ ಬಿದ್ದೋಗತ್ತೆ, ಅದಕ್ಕೆ ಬಕ್ಲಿಂಗ್ ಅಂತಾರೆ. ಅದಕ್ಕೆ ಆಯ್ಲರ್ ಸೂತ್ರ ಇದೆ: ಪೈ ವರ್ಗ ಗುಣಿಸು ಇ ಗುಣಿಸು ಐ, ಅದನ್ನ ಉದ್ದದ ವರ್ಗದಿಂದ ಭಾಗಿಸಬೇಕು. ಇ ಅಂದ್ರೆ ಉಕ್ಕಿನ ಬಿಗಿತನ, 2 ಲಕ್ಷ ನ್ಯೂಟನ್ ಪ್ರತಿ ಚದರ ಮಿಮೀಗೆ. ಐ ಅಂದ್ರೆ ಪೈಪಿನ ಆಕಾರದಿಂದ ಬರೋ ಬಿಗಿತನದ ಅಂಕಿ, ನಿಮ್ಮ ಪೈಪಿಗೆ ಸುಮಾರು 3,71,000 ಮಿಮೀ ನಾಲ್ಕನೇ ಘಾತ. ಉದ್ದ 4 ಮೀಟರ್ ಹಾಕಿದ್ರೆ 45.8 ಕಿಲೋನ್ಯೂಟನ್ ಬರತ್ತೆ, ಅಂದ್ರೆ 4.6 ಟನ್ ಮೇಲೆ. ನಿಮ್ಮ ಲೋಡ್ 0.8 ಟನ್. ಐದು ಪಟ್ಟಿಗಿಂತ ಜಾಸ್ತಿ ಸೇಫ್ಟಿ ಇದೆ, ಧೈರ್ಯವಾಗಿ ನಿಲ್ಲಿಸಿ ಸರ್.

ಸ್ಟೀಲ್_ಡಿಸೈನ್_ಮೈಸೂರು

ಸ್ವಲ್ಪ ತಡೀರಿ, ಇನ್ನೂ ನಿಲ್ಲಿಸ್ಬೇಡಿ. ಆರನೇ ಸೆಮ್ ಅವರು ಜಜ್ಜೋದಕ್ಕೂ ಬಾಗೋದಕ್ಕೂ ವ್ಯತ್ಯಾಸ ಹೇಳಿದ್ದು ಸರಿಯಾಗೇ ಇದೆ, ಆದ್ರೆ ಆ 45.8ರೊಳಗೆ ಎರಡು ಊಹೆ ಕೂತಿವೆ, ಒಂದು ಕಂಬ ಹುರಿ ಹೊಡೆದಂಗೆ ನೇರ ಇದೆ ಅನ್ನೋದು, ಇನ್ನೊಂದು ಅದರ ತಲೆ ಪಕ್ಕಕ್ಕೆ ಅಲ್ಲಾಡದ ಹಾಗೆ ಯಾರೋ ಹಿಡ್ಕೊಂಡಿದಾರೆ ಅನ್ನೋದು. ನಿಮ್ಮ ಶೆಡ್ಡಲ್ಲಿ ಎರಡೂ ಇಲ್ಲ.

ಮೊದಲು ಡೊಂಕು. ಕಂಬ ಮೊದಲೇ ಬಾಗಿದ್ರೆ ಮೇಲಿನ ಭಾರ ನಟ್ಟನಡುವೆ ಇಳಿಯಲ್ಲ, ಮಧ್ಯದಲ್ಲಿ ಕಂಬದ ಗೆರೆಯಿಂದ 18 ಮಿಮೀ ದೂರದಲ್ಲಿ ಹಾದು ಹೋಗತ್ತೆ, ಹಾಗಾಗಿ ಮೊದಲ ಕೆಜಿಯಿಂದಲೇ ಕಂಬ ಇನ್ನಷ್ಟು ಬಾಗೋಕೆ ಶುರುವಾಗತ್ತೆ, ಬಾಗಿದಷ್ಟೂ ದೂರ ಹೆಚ್ಚು, ದೂರ ಹೆಚ್ಚಿದಷ್ಟೂ ಇನ್ನೂ ಬಾಗು. ಇದು ಎಲ್ಲಿ ನಿಲ್ಲತ್ತೆ ಅನ್ನೋದಕ್ಕೆ ಸುಲಭದ ಲೆಕ್ಕ ಇದೆ. ನಿಮ್ಮ ಲೋಡನ್ನ ಆಯ್ಲರ್ ಲೋಡಿಂದ ಭಾಗಿಸಿ, 1ರಿಂದ ಕಳೀರಿ, ಉಳಿದಿದ್ದರಿಂದ ಮೂಲ ಡೊಂಕನ್ನ ಭಾಗಿಸಿ. ನಿಮ್ಮ 800 ಕೆಜಿ ಅಂದ್ರೆ ಸುಮಾರು 8 ಕಿಲೋನ್ಯೂಟನ್. ತಲೆ ಗಟ್ಟಿಯಾಗಿ ಹಿಡಿದಿದೆ ಅಂತಲೇ ಇಟ್ಕೊಂಡ್ರೆ 8 ಭಾಗಿಸು 45.8 ಅಂದ್ರೆ 0.175, ಉಳಿದಿದ್ದು 0.825, ಹಾಗಾಗಿ 18 ಇದ್ದಿದ್ದು ಸುಮಾರು 22 ಮಿಮೀ ಆಗಿ ನಿಲ್ಲತ್ತೆ. ಆಗ ಪೈಪಿನ ಒಳಬಾಗಿನ ಮುಖದಲ್ಲಿ ಒತ್ತಡ ಬರೋದು 26 ನ್ಯೂಟನ್ ಮಾತ್ರ, 240ರ ಮುಂದೆ ಏನೂ ಅಲ್ಲ.

ಇದೇ ಲೆಕ್ಕವನ್ನ ಉಕ್ಕು ಯೀಲ್ಡ್ ಆಗೋಕೆ, ಅಂದ್ರೆ ಬಾಗಿದ್ದು ವಾಪಸ್ ಬರದ ಹಾಗೆ ಸೋಲೋಕೆ, ಶುರುವಾಗೋ ತನಕ ಎಳ್ಕೊಂಡು ಹೋದ್ರೆ, 4 ಮಿಮೀ ಡೊಂಕಿದ್ದಾಗ 42 ಕಿಲೋನ್ಯೂಟನ್, 18 ಇದ್ದಾಗ 34, 40 ಮಿಮೀ ಇದ್ದಾಗ 26. ನೋಡಿ, ಡೊಂಕು ಹತ್ತು ಪಟ್ಟು ಆದ್ರೂ ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳೀಲಿಲ್ಲ. ಉಕ್ಕಿನ ಕಟ್ಟಡಕ್ಕಿರೋ ನಮ್ಮ ದೇಶದ ಕೋಡ್ ಐಎಸ್ 800ರ 2007ರ ಆವೃತ್ತಿ ಕೂಡ ಯಾವ ಕಂಬವನ್ನೂ ಪೂರ್ತಿ ನೇರ ಅಂತ ನಂಬಲ್ಲ, ಉದ್ದದ ಸಾವಿರದಲ್ಲಿ ಒಂದು ಭಾಗದ ಡೊಂಕು, ಜೊತೆಗೆ ಪೈಪ್ ತಯಾರಾಗುವಾಗ ಒಳಗೇ ಉಳ್ಕೊಂಡಿರೋ ಒತ್ತಡ, ಇವೆರಡನ್ನೂ ಸೇರಿಸಿಯೇ ಅದರ ಎ, ಬಿ, ಸಿ, ಡಿ ಅನ್ನೋ ನಾಲ್ಕು ಕರ್ವ್ ಬರೆದಿರೋದು. ನಿಮ್ಮ ಥರದ ಪೈಪಿಗೆ ಬಿ ಕರ್ವ್ ಹಾಕಿದ್ರೆ ಸುಮಾರು 34 ಬರತ್ತೆ. 4 ಮೀಟರಿಗೆ ಸಾವಿರದಲ್ಲೊಂದು ಅಂದ್ರೆ 4 ಮಿಮೀ. ನಿಮ್ಮದು 18, ಅಂದ್ರೆ ನಾಲ್ಕೂವರೆ ಪಟ್ಟು. ಹಾಗಾಗಿ ಆ ಕರ್ವ್ ನಿಮ್ಮ ಪೈಪಿಗೆ ನೇರವಾಗಿ ಅನ್ವಯ ಆಗಲ್ಲ, ಬೇರೆ ಲೆಕ್ಕ ಬೇಕು, ಅದನ್ನೇ ಮೇಲೆ ಮಾಡಿದ್ದು. ಇದಿಷ್ಟೇ ಆಗಿದ್ರೆ ನಾನೂ ನಿಲ್ಲಿಸಿ ಅಂತಿದ್ದೆ.

ಈಗ ಎರಡನೇದು, ಇದೇ ನನಗೆ ಹೆದರಿಕೆ ತಂದಿದ್ದು. ನಾಲ್ಕು ಮೂಲೆಗೆ ನಾಲ್ಕು ಕಂಬ, ನಡುವೆ ಗೋಡೆ ಇಲ್ಲ, ನೀವು ಎಲ್ಲೂ ಬ್ರೇಸಿಂಗ್, ಅಂದ್ರೆ ಕಂಬದಿಂದ ಕಂಬಕ್ಕೆ ಓರೆಯಾಗಿ ಹಾಕೋ ಕ್ರಾಸ್ ಪೈಪ್ ವಿಷಯ ಬರೆದಿಲ್ಲ. ಮೇಲಿನ ಫ್ರೇಮ್ ನಾಲ್ಕೂ ತಲೆಗಳನ್ನ ಒಂದಕ್ಕೊಂದು ಕಟ್ಟತ್ತೆ ನಿಜ, ಆದ್ರೆ ನಾಲ್ಕೂ ಒಟ್ಟಿಗೆ ಒಂದೇ ಕಡೆ ವಾಲಿದ್ರೆ ಅದನ್ನ ತಡೆಯೋರು ಯಾರು? ಕಂಬದ ಮೇಲೆ ಫ್ರೇಮನ್ನ ಒಂದೆರಡು ಟಾಕಾ ವೆಲ್ಡಿಂಗಲ್ಲಿ ಕೂರಿಸೋದು ರೂಢಿ, ಅದು ಬಾಗೋದನ್ನ ತಡೆಯೋ ಜಾಯಿಂಟ್ ಅಲ್ಲ. ಹಾಗಾಗಿ ಪ್ರತಿ ಕಂಬವೂ ಬುಡದಲ್ಲಿ ಹೂತ, ತಲೆ ಬಿಡುಬೀಸಾಗಿರೋ ಕೋಲು. ಅಂಥ ಕೋಲಿನ ಲೆಕ್ಕಕ್ಕೆ ಉದ್ದ 4 ಮೀಟರ್ ತಗೊಳ್ಳೋ ಹಾಗಿಲ್ಲ, 8 ಮೀಟರ್ ತಗೋಬೇಕು. ಉದ್ದದ ವರ್ಗ ಕೆಳಗಿದೆಯಲ್ಲ, 45.8 ಹೋಗಿ 11.5 ಆಯ್ತು, ನಾಲ್ಕರಲ್ಲಿ ಒಂದು ಪಾಲು.

ಈಗ ತಲೆ 25 ಮಿಮೀ ವಾಲಿರೋ ನಿಮ್ಮ ಎರಡನೇ ಕಂಬ ತಗೊಳ್ಳಿ. 8 ಕಿಲೋನ್ಯೂಟನ್ ಬಿದ್ರೆ 25 ಹೋಗಿ 83 ಮಿಮೀ. 10 ಬಿದ್ರೆ ಸುಮಾರು 200. 10.5ಕ್ಕೆ 300, ಅಷ್ಟು ಹೊತ್ತಿಗೆ ಬುಡದಲ್ಲಿ ಉಕ್ಕು ಯೀಲ್ಡ್ ಆಗಿರತ್ತೆ, ಅಲ್ಲಿಂದ ಮುಂದೆ ನಿಲ್ಲಲ್ಲ. 8ರಲ್ಲಿ ಕಣ್ಣಿಗೆ ಚೂರು ವಾಲಿದಂಗೆ ಕಾಣೋ ಕಂಬ ಇನ್ನು 250 ಕೆಜಿ ಹೆಚ್ಚಾದ್ರೆ ನೆಲಕ್ಕೆ. ಡಿಸೈನ್ ಮಾಡುವಾಗ ಲೋಡನ್ನ 1.5 ಪಟ್ಟು ತಗೋಬೇಕು ಅಂತ ಕೋಡ್ ಹೇಳತ್ತೆ, 8ರ ಒಂದೂವರೆ ಪಟ್ಟು 12, ಅದು ಪೂರ್ತಿ ನೇರ ಕಂಬದ ಆಯ್ಲರ್ ಲೋಡನ್ನೇ ದಾಟಿ ಹೋಯ್ತು. ತೆಳ್ಳಗಿನ ಮಿತಿನೂ ಇದೆ, ಲೆಕ್ಕದ ಉದ್ದವನ್ನ ಪೈಪಿನ ತಿರುಗು ತ್ರಿಜ್ಯದಿಂದ (ರೇಡಿಯಸ್ ಆಫ್ ಜೈರೇಶನ್, ಐಯನ್ನ ಕಬ್ಬಿಣದ ಚದರ ಮಿಮೀಯಿಂದ ಭಾಗಿಸಿ ವರ್ಗಮೂಲ ತೆಗೆದದ್ದು) ಭಾಗಿಸಿದ್ರೆ 180 ದಾಟ್ಬಾರದು, ನಿಮ್ಮದು 340 ಮೇಲೆ.

ಆದ್ದರಿಂದ ನನ್ನ ಉತ್ತರ: ಬಾಗಿರೋ ಪೈಪಿಗಿಂತ, ಬ್ರೇಸಿಂಗ್ ಇಲ್ಲದಿರೋದು ನಿಮ್ಮ ಶೆಡ್ಡಿನ ದೊಡ್ಡ ದೋಷ. ಯಾವ ಬದಿಗಳಲ್ಲಿ ಕ್ರಾಸ್ ಹಾಕೋಕೆ ಜಾಗ ಇದೆ ಹೇಳಿ.

ಸಿವಿಲ್_ಆರನೇ_ಸೆಮ್

ಸರ್ ಥ್ಯಾಂಕ್ಸ್, ತಲೆ ಬಿಡುಬೀಸಾಗಿದೆ ಅನ್ನೋದನ್ನ ನಾನು ಯೋಚನೆನೇ ಮಾಡ್ಲಿಲ್ಲ, ತಪ್ಪಾಯ್ತು, ಪ್ರಶ್ನೆ ಕೇಳಿದವರು ನನ್ನ ಉತ್ತರ ನಂಬಿ ಏನೂ ಮಾಡ್ಬೇಡಿ. ಒಂದು ಡೌಟ್. ನಮ್ಮ ಪಾಠದಲ್ಲಿ ಆಯ್ಲರ್ ಲೋಡ್ ಬರೋ ತನಕ ಕಂಬ ನೇರ ಇರತ್ತೆ, ಬಂದ ಕ್ಷಣ ತಟ್ಟನೆ ಬಾಗತ್ತೆ ಅಂತ ಗ್ರಾಫ್ ಬರೀತೀವಿ. ಲ್ಯಾಬಲ್ಲಿ ಮಾಡಿದಾಗ ಹಂಗೆ ಆಗೋದೇ ಇಲ್ಲ, ಮೊದಲಿಂದಲೂ ಮೆಲ್ಲಗೆ ಬಾಗ್ತಾ ಬರತ್ತೆ, ಆ ಕ್ಷಣ ಯಾವುದು ಅಂತ ಸಿಗೋದೇ ಇಲ್ಲ. ಹಾಗಾದ್ರೆ ಆಯ್ಲರ್ ಲೋಡ್ ಅನ್ನೋದು ಪುಸ್ತಕದಲ್ಲಿ ಮಾತ್ರ ಇರೋದಾ? ಇನ್ನೊಂದು, 240ರ ಬದಲು 310 ಗ್ರೇಡಿನ ಪೈಪ್ ತಂದ್ರೆ ಇದೆಲ್ಲ ಸರಿ ಹೋಗಲ್ವಾ?

ಸ್ಟ್ರೆಂತ್_ಮೇಷ್ಟ್ರು

ಒಳ್ಳೆ ಪ್ರಶ್ನೆ ಕೇಳಿದೀಯಪ್ಪ. ನಾನು ಪಾಲಿಟೆಕ್ನಿಕ್‌ನಲ್ಲಿ ಇದೇ ಪಾಠ ಮಾಡಿ ರಿಟೈರ್ ಆದವನು, ನಿನ್ನ ಹಾಗೆ ಲ್ಯಾಬಿಂದ ಬಂದು ಕೇಳೋ ಹುಡುಗರು ವರ್ಷಕ್ಕೆ ಒಬ್ಬಿಬ್ಬರು ಸಿಗ್ತಿದ್ರು, ಅವರಿಗೆ ಪಾಠ ಮಾಡೋದು ಅಂದ್ರೆ ನನಗೆ ಹಬ್ಬ.

ಎರಡನೇದು ಮೊದಲು ಮುಗಿಸ್ತೀನಿ. ಆಯ್ಲರ್ ಸೂತ್ರದಲ್ಲಿ ಉಕ್ಕಿನ ಗ್ರೇಡ್ ಎಲ್ಲಿದೆ ಹುಡುಕು. ಇಲ್ಲವೇ ಇಲ್ಲ. ಇರೋದು ಇ ಮಾತ್ರ, ಅದು ಎಲ್ಲಾ ಗ್ರೇಡಿಗೂ ಒಂದೇ. 18 ಮಿಮೀ ಡೊಂಕಿರೋ ಇದೇ ಪೈಪನ್ನ 310 ಗ್ರೇಡಲ್ಲಿ ತಂದ್ರೆ 34 ಇದ್ದಿದ್ದು 36 ಚಿಲ್ಲರೆ ಆಗತ್ತೆ. ಹತ್ತಿರ ಹತ್ತಿರ ಶೇಕಡಾ 30 ಗಟ್ಟಿ ಉಕ್ಕು, ಲಾಭ ಶೇಕಡಾ 7. ತೆಳ್ಳಗಿನ ಉದ್ದ ಕಂಬಕ್ಕೆ ದುಡ್ಡು ಹಾಕೋದಾದ್ರೆ ಅಗಲಕ್ಕೆ ಹಾಕ್ಬೇಕು: 100ಕ್ಕೆ 100, ದಪ್ಪ 4ರ ಪೈಪಿನ ತೂಕ ಇದರ ಎರಡೂಕಾಲು ಪಟ್ಟು, ಬಾಗದೆ ನಿಲ್ಲೋ ಬಿಗಿ ಆರು ಪಟ್ಟಿಗಿಂತ ಹೆಚ್ಚು.

ಈಗ ಮೊದಲನೇದು. ಆಯ್ಲರ್ ಇದನ್ನ ಅಚ್ಚು ಹಾಕಿಸಿದ್ದು 1744ರಲ್ಲಿ. ಅವನಿಗೆ ಅದು ಕಟ್ಟಡದ ಸಮಸ್ಯೆಗಿಂತ ಬಾಗಿದ ಗೆರೆಗಳ ಗಣಿತ. ಪೂರ್ತಿ ನೇರ ಕಂಬ ಇದ್ರೆ ಯಾವ ಭಾರದಲ್ಲಿ ಅದು ನೇರವೂ ಇರಬಹುದು, ಬಾಗಿಯೂ ಇರಬಹುದು ಅನ್ನೋ ಗಡಿ ಅದು. ನಮ್ಮ ಕೈಗೆ ಸಿಗೋ ಯಾವ ಕಂಬವೂ ನೇರ ಅಲ್ಲ, ಆದ್ರಿಂದ ಆ ಗಡಿಯನ್ನ ಯಾವ ಕಂಬವೂ ಮುಟ್ಟಲ್ಲ, ಅದರ ಕಡೆ ಮುಖ ಮಾಡಿ ಹೋಗತ್ತೆ ಅಷ್ಟೆ, ಹತ್ತಿರ ಹೋದಷ್ಟೂ ಬಾಗು ಹೆಚ್ಚಾಗ್ತಾ ಹೋಗತ್ತೆ, ದಾರಿಯಲ್ಲೇ ಎಲ್ಲೋ ಉಕ್ಕು ಯೀಲ್ಡ್ ಆಗಿ ಆಟ ಮುಗಿಯತ್ತೆ. 1886ರಲ್ಲಿ ಏರ್ಟನ್ ಮತ್ತು ಪೆರ್ರಿ ಇದನ್ನ ಲೆಕ್ಕಕ್ಕೆ ಇಳಿಸಿದ್ರು, ಕಂಬ ಮೊದಲೇ ಸಣ್ಣಗೆ ಬಾಗಿದೆ ಅಂತ ಒಪ್ಕೊಂಡೇ ಶುರು ಮಾಡೋಣ ಅಂತ. 1925ರಲ್ಲಿ ರಾಬರ್ಟ್‌ಸನ್ ಪರೀಕ್ಷೆಗಳನ್ನ ಇಟ್ಕೊಂಡು ಆ ಬಾಗು ಎಷ್ಟು ಅಂತ ತಗೋಬೇಕು ಅನ್ನೋದನ್ನ ನಿಗದಿ ಮಾಡಿದ್ರು. ಮೈಸೂರಿನವರು ಹೇಳಿದ ನಾಲ್ಕು ಕರ್ವ್‌ಗಳಲ್ಲಿ 0.21, 0.34, 0.49, 0.76 ಅಂತ ಒಂದೊಂದು ಅಂಕಿ ಬರತ್ತಲ್ಲ, ಅದು ಆ ವಂಶದ್ದೇ. ಪರೀಕ್ಷೆಗೆ ಬಾಯಿಪಾಠ ಮಾಡಿರ್ತೀಯ, ಅದು ಕಂಬದ ಡೊಂಕಿಗೆ, ಒಳಗಿನ ಒತ್ತಡಕ್ಕೆ ಕೊಟ್ಟ ಹೆಸರು ಅಂತ ಇನ್ಮೇಲೆ ನೆನಪಿಟ್ಕೋ.

ಆ ಕ್ಷಣ ಲ್ಯಾಬಲ್ಲಿ ಸಿಗಲ್ಲ ಅಂದ್ಯಲ್ಲ, ಸಿಗತ್ತೆ, ಕಂಬ ಮುರೀದೇನೇ ಸಿಗತ್ತೆ. 1932ರಲ್ಲಿ ಸೌತ್‌ವೆಲ್ ಅನ್ನೋರು ತೋರಿಸಿದ ಉಪಾಯ, ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು. ಒಂದು ತೆಳು ಪಟ್ಟಿಯನ್ನ ಅಡುಗೆಮನೆ ತಕ್ಕಡಿ ಮೇಲೆ ನಿಲ್ಲಿಸಿ ಒತ್ತುತೀಯ ಅಂತ ಇಟ್ಕೋ. 2 ಕೆಜಿಗೆ 1.5 ಮಿಮೀ ಬಾಗಿತು, 3 ಕೆಜಿಗೆ 4.5, ಮೂರೂವರೆಗೆ 10.5. ಈಗ ಪ್ರತಿ ಬಾಗನ್ನ ಅದರ ಕೆಜಿಯಿಂದ ಭಾಗಿಸು: 0.75, 1.5, 3. ಇವನ್ನ ನಿಲುವಿಗೆ, ಬಾಗನ್ನ ಅಡ್ಡಕ್ಕೆ ಇಟ್ಟು ಗ್ರಾಫ್ ಹಾಕು. ಆ ವಕ್ರ ಗೆರೆ ಹೋಗಿ ಸರಳ ಗೆರೆ ಬಂತು ನೋಡು. 1.5ರಿಂದ 4.5ಕ್ಕೆ ಹೋಗುವಾಗ 0.75 ಏರಿದೆ, ಇಳಿಜಾರು 0.25, ಅದನ್ನ ತಿರುಗಿಸಿದ್ರೆ 4 ಕೆಜಿ. ಅದೇ ಆ ಪಟ್ಟಿಯ ಆಯ್ಲರ್ ಲೋಡ್. ಗೆರೆಯನ್ನ ಹಿಂದಕ್ಕೆ ಎಳೆದ್ರೆ ಮೂಲದಲ್ಲಿ ಎಷ್ಟು ಡೊಂಕಿತ್ತು ಅಂತಲೂ ಬರತ್ತೆ, ಇಲ್ಲಿ 1.5 ಮಿಮೀ. ಕಂಬದ ಡೊಂಕೇ ಕಂಬದ ಗುಟ್ಟು ಬಿಟ್ಟುಕೊಡತ್ತೆ. ತಕ್ಕಡಿ ಇಲ್ದಿದ್ರೆ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ತಗೊಂಡು ಅಂಗೈಯಲ್ಲಿ ಒತ್ತಿ ನೋಡು, ಅರ್ಧಕ್ಕೆ ಮುರಿದು ಮತ್ತೆ ಒತ್ತು. ನಾಲ್ಕು ಪಟ್ಟು ಅನ್ನೋದು ಕೈಗೆ ಗೊತ್ತಾಗತ್ತೆ.

ಪ್ರಶ್ನೆ ಕೇಳಿದ ತೀರ್ಥಹಳ್ಳಿಯವರಿಗೆ ಒಂದು ಮಾತು. 18 ಮಿಮೀ ಅನ್ನೋದಕ್ಕಿಂತ, ಭಾರ ಬಿದ್ದ ಮೇಲೆ ಅದು ಬೆಳೀತಾ ಇದೆಯಾ ಅನ್ನೋದು ಮುಖ್ಯ. ಕೆನಡಾದಲ್ಲಿ ಸೇಂಟ್ ಲಾರೆನ್ಸ್ ನದಿಗೆ ಕ್ವಿಬೆಕ್ ಹತ್ರ ಸೇತುವೆ ಕಟ್ತಾ ಇದ್ರು, 1907. ಕೆಳಗಿನ ಒಂದು ಒತ್ತಡದ ತೊಲೆ, ಎ9ಎಲ್ ಅಂತ ಅದರ ನಂಬರು, ಬಾಗಿದ್ದು ಸೈಟಿನವರ ಕಣ್ಣಿಗೆ ಬಿತ್ತು. ಮೊದಲು ಮುಕ್ಕಾಲು ಇಂಚು ಇದ್ದಿದ್ದು ಆಗಸ್ಟ್ 27ರಂದು ಅಳೆದಾಗ ಎರಡೂಕಾಲು ಇಂಚು ಆಗಿತ್ತು. ಬರುವಾಗಲೇ ಹಾಗೆ ಬಾಗಿತ್ತು ಅಂತ ಕೆಲವರ ವಾದ, ಇಲ್ಲ ಈಗ ಬಾಗ್ತಿದೆ ಅಂತ ಇನ್ನು ಕೆಲವರದು. ಆ ವಾದ ನಡೀತಾ ಇರುವಾಗ್ಲೇ ಕೆಲಸವೂ ನಡೀತಿತ್ತು. ಸೈಟ್ ಇನ್ಸ್‌ಪೆಕ್ಟರ್ ಮೆಕ್ಲೂರ್ ರೈಲು ಹತ್ತಿ ನ್ಯೂಯಾರ್ಕಿಗೆ ಹೋಗಿ ಸಲಹೆಗಾರ ಇಂಜಿನಿಯರ್ ಥಿಯೋಡರ್ ಕೂಪರ್‌ಗೆ ಹೇಳಿದ್ರು, ಕೂಪರ್ ಇನ್ನು ಭಾರ ಹೇರ್ಬೇಡಿ ಅಂತ ಪೆನ್ಸಿಲ್ವೇನಿಯಾದಲ್ಲಿದ್ದ ಕಂಪನಿ ಕಚೇರಿಗೆ ತಂತಿ ಕೊಟ್ರು. ಸೇತುವೆ ಹತ್ರ ಕೆಲಸ ನಿಲ್ಲಲಿಲ್ಲ. ಆಗಸ್ಟ್ 29ರ ಸಂಜೆ, ಕೆಲಸ ಬಿಡೋ ಹೊತ್ತಲ್ಲಿ, ಇಡೀ ದಕ್ಷಿಣ ಭಾಗ ನದಿಗೆ ಬಿತ್ತು. ಮೇಲೆ 86 ಜನ ಇದ್ರು, 75 ಜನ ಸತ್ರು. ವಿಚಾರಣೆ ಮಾಡಿದವರು ಕಂಡುಕೊಂಡಿದ್ದು, ಸೇತುವೆಯ ಸ್ವಂತ ತೂಕವನ್ನ ಕಡಿಮೆ ಲೆಕ್ಕ ಹಾಕಿದ್ರು, ಮತ್ತೆ ಆ ತೊಲೆಯ ನಾಲ್ಕು ಹಲಗೆಗಳನ್ನ ಒಂದಕ್ಕೊಂದು ಹೆಣೆದಿದ್ದ ಲೇಸಿಂಗ್ ಪಟ್ಟಿಗಳು ಸಾಲದಾಗಿದ್ವು. ಈವತ್ತು ನಮ್ಮ ಕೋಡಲ್ಲಿ ಲೇಸಿಂಗ್ ಪಟ್ಟಿಗಳು ಕಂಬದ ಭಾರದ ಶೇಕಡಾ ಎರಡೂವರೆಯಷ್ಟಾದ್ರೂ ಅಡ್ಡ ಒತ್ತಡ ತಡೀಬೇಕು ಅಂತ ಇದೆ. ಆ ಸಾಲು ಓದುವಾಗಲೆಲ್ಲ ನನಗೆ ಆ ಸೇತುವೆ ಕಣ್ಣಿಗೆ ಬರತ್ತೆ.

ಹುಬ್ಬಳ್ಳಿ_ಫ್ಯಾಬ್ರಿಕೇಶನ್

ನಮಸ್ಕಾರ್ರೀ. ನಾ ಶೆಡ್ಡು, ಗೇಟು, ಟ್ಯಾಂಕ್ ಸ್ಟ್ಯಾಂಡು ಮಾಡಾಕತ್ತು ಇಪ್ಪತ್ತಾರ ವರ್ಷ ಆತು. ಲೆಕ್ಕ ಮೇಲಿನವರು ಹೇಳ್ಯಾರ, ನಾ ಕೈಕೆಲಸದ್ದು ಹೇಳ್ತೀನಿ.

ಮೊದಲ ನೀವು ಅಳತಿ ಮಾಡಿದ್ದು ಸರಿ ಇಲ್ರಿ. ಪೈಪಿನ ಎರಡೂ ತುದಿಗೆ ಬ್ಲಾಕ್ ಇಟ್ಟು ಮಲಗಿಸಿದ್ರ ಅದು ತನ್ನ ಭಾರಕ್ಕ ತಾನ ಜೋತು ಬೀಳತೈತಿ, 13 ಅಡಿಗೆ ಎರಡ ಎರಡೂವರೆ ಮಿಮೀ ಅಷ್ಟ. ಉಬ್ಬು ಕೆಳಗ ಇಟ್ಟೀರಿ ಅಂದ ಮ್ಯಾಲ ಅದೂ ನಿಮ್ಮ 18ರಾಗ ಸೇರೇತಿ. ಉಬ್ಬು ಪಕ್ಕಕ್ಕ ಬರೋ ಹಂಗ ಹೊರಳಿಸಿ ದಾರ ಎಳೀರಿ, ಆಗ ಖರೆ ಡೊಂಕು ಗೊತ್ತಾಗತೈತಿ. ನಾಲ್ಕೂ ಮುಖಕ್ಕ ನೋಡ್ರಿ, ಒಂದೊಂದು ಪೈಪು ಎರಡು ಕಡಿ ಬಾಗಿರತೈತಿ, ಒಂದೊಂದು ಹಗ್ಗದ ಗತೆ ತಿರುವಿರತೈತಿ.

ಡೊಂಕು ತೆಗೀಬಹುದ್ರಿ, ಅದಕ್ಕ ವಾಪಸ್ ಕೊಡೋದೇನ ಬೇಕಾಗಿಲ್ಲ. ಉಬ್ಬಿದ ಕಡೆ ಗ್ಯಾಸ್ ಟಾರ್ಚಿನಿಂದ ಅಲ್ಲಲ್ಲಿ ಮಂದ ಕೆಂಪು ಬರೂತನಕ ಕಾಸಿ ಬಿಡ್ರಿ, ತಾನ ಆರಲಿ, ನೀರು ಸುರೀಬ್ಯಾಡ್ರಿ. ಆರುವಾಗ ಆ ಕಡಿ ಕುಗ್ಗಿ ಎಳಕೊಂಡು ನೆಟ್ಟಗ ಆಗತೈತಿ. ಒಂದ ಸಲಕ್ಕ ಪೂರಾ ಬರಂಗಿಲ್ಲ, ಎರಡ ಮೂರ ಸಲ ಮಾಡಬೇಕು. ಜಾಕ್ ಕೊಟ್ಟು ಒತ್ತಾವ್ರು ಅದಾರ, ಆದ್ರ 3 ಮಿಮೀ ಪೈಪಿಗೆ ಜಾಕ್ ಮಾರಿ ನೇರ ಹಚ್ಚಿದ್ರ ಅಲ್ಲೇ ತಗ್ಗು ಬೀಳತೈತಿ, ನಡುವ ಕಟಗಿ ತುಂಡು ಇಡಬೇಕು. ತಗ್ಗು ಬಿದ್ದ ಪೈಪು ಕಂಬಕ್ಕ ಬ್ಯಾಡ್ರಿ, ಅದರಕಿಂತ ಬಾಗಿದ್ದ ಎಷ್ಟೋ ಪಾಡು.

ಇನ್ನ ಬ್ರೇಸಿಂಗ್ ವಿಷಯ ಮೈಸೂರಿನವರು ಹೇಳಿದ್ದು ನೂರಕ್ಕ ನೂರು ಖರೆ. ನಾ ಕಣ್ಣಾರ ನೋಡೇನಿ. ನಾ ಹುಡುಗ ಇದ್ದಾಗ ಒಂದು ಸ್ಲ್ಯಾಬ್ ಕೆಲಸ, ಸೆಂಟ್ರಿಂಗಿಗೆ ಸರ್ವೆ ಗಳ ನಿಲ್ಲಿಸಿದ್ರು, 14 ಅಡಿ ಎತ್ತರ, ಗಳ ಅಂದ್ರ ಗೊತ್ತಲ್ರಿ, ಹುಟ್ಟಾನ ಡೊಂಕು. ನಡುವ ಅಡ್ಡಪಟ್ಟಿ ಕಟ್ರಿ ಅಂತ ಮೇಸ್ತ್ರಿ ಹೇಳಿದ್ದ, ಹಗ್ಗ ಸಾಲಲಿಲ್ಲ ಅಂತ ಒಂದು ಮೂಲಿ ಬಿಟ್ಟ್ರು. ಕಾಂಕ್ರೀಟ್ ಅರ್ಧ ಹಾಕಿದ್ದಿವಿ, ಆ ಮೂಲ್ಯಾಗಿನ ಗಳ ಕಿರ್ ಕಿರ್ ಅಂದ್ವು, ಕೆಳಗಿದ್ದವರು ಓಡಿ ಬಂದ್ರು, ಆ ಮೂಲಿ ಅಷ್ಟ ಕುಸೀತು. ಒಬ್ಬನ ಕಾಲು ಮುರೀತು, ಜೀವ ಉಳೀತು. ಉಳಿದ ಮೂರು ಕಡಿ ಅದ ಗಳ, ಅದ ಡೊಂಕು, ನಡುವ ಪಟ್ಟಿ ಇದ್ವು ಅಂತ ನಿಂತ್ವು. ಆವತ್ತಿನಿಂದ ನಾ ಪಟ್ಟಿ ಬಿಟ್ಟು ಕಂಬ ನಿಲ್ಲಿಸಿಲ್ರಿ.

ಅಡಿಕೆತೋಟ_ತೀರ್ಥಹಳ್ಳಿ

ಎಲ್ಲರೂ ಇಷ್ಟು ಸಮಯ ಕೊಟ್ಟು ಬರೆದಿದೀರ, ತುಂಬಾ ತುಂಬಾ ಧನ್ಯವಾದ. ಮೂರು ಸಲ ಓದಿದೆ. ಹುಬ್ಬಳ್ಳಿಯವರು ಹೇಳಿದ ಹಾಗೆ ಪೈಪ್ ಹೊರಳಿಸಿ ಅಳೆದ್ರೆ 18 ಅಲ್ಲ, 16 ಮಿಮೀ ಬಂತು, ನನಗೆ ಆಶ್ಚರ್ಯ ಆಯ್ತು. ಬೇರೆ ಮುಖದಲ್ಲಿ ಡೊಂಕು ಇಲ್ಲ, ತಿರುವೂ ಇಲ್ಲ.

ನಿಂತಿರೋ ಕಂಬ ಕೈಯಲ್ಲಿ ತಳ್ಳಿ ನೋಡ್ದೆ. ನಿನ್ನೆ ತನಕ ಗಟ್ಟಿ ಅನ್ನಿಸ್ತಿತ್ತು, ಇವತ್ತು ಏಣಿ ಹತ್ತಿ ತಲೆ ಹಿಡಿದು ಅಲ್ಲಾಡಿಸಿದ್ರೆ ಅಂಗೈ ಅಗಲ ಓಲಾಡತ್ತೆ.

ಬ್ರೇಸಿಂಗ್ ವಿಷಯ. ಮುಂದಿನ ಕಡೆ ಗಾಡಿ ಬರಬೇಕು, ಅಲ್ಲಿ ಕ್ರಾಸ್ ಆಗಲ್ಲ. ಹಿಂದೆ ಮತ್ತೆ ಎಡಕ್ಕೆ ಹಾಕ್ಬಹುದು. ಬಲಗಡೆ ಅಡಿಕೆ ಹೊರೋರು ಓಡಾಡ್ತಾರೆ, ಅಪ್ಪಯ್ಯ ಅಲ್ಲಿ ಪೂರ್ತಿ ಕ್ರಾಸ್ ಬೇಡ ಅಂತಾರೆ. ಇನ್ನೊಂದು ವಿಷಯ ಮೊದಲು ಬರೀಲಿಲ್ಲ, ಈಗ ಬರೆಯೋಕೆ ಭಯ ಆಗ್ತಿದೆ: ಮುಂದಿನ ವರ್ಷ ಈ ಶೆಡ್ ಮೇಲೇ 1000 ಲೀಟರ್ ನೀರಿನ ಟ್ಯಾಂಕ್ ಇಡೋಣ ಅಂತ ಅಪ್ಪಯ್ಯನ ಆಸೆ.

ಸ್ಟೀಲ್_ಡಿಸೈನ್_ಮೈಸೂರು

1000 ಲೀಟರ್ ಅಂದ್ರೆ 1000 ಕೆಜಿ, ನಾಲ್ಕು ಕಂಬಕ್ಕೆ ಹಂಚಿದ್ರೆ ಒಂದೊಂದಕ್ಕೆ 250. ನಾನು ಮೊನ್ನೆ 8ರಿಂದ 10.5ಕ್ಕೆ ಹೋದ್ರೆ ಏನಾಗತ್ತೆ ಅಂತ ಬರೆದಿದ್ದೆನಲ್ಲ, ಸರಿಯಾಗಿ ಅದೇ ಅಂತರ. 8ರಲ್ಲಿ ಮಳೆಗಾಲದ ಕೆಲಸದವರು, ಶೀಟು ಹತ್ತಿ ರಿಪೇರಿ ಮಾಡೋರು ಎಲ್ಲ ಸೇರಿಸಿ ಒಂದು ಚದರ ಮೀಟರಿಗೆ 75 ಕೆಜಿ ಅಂತ ಕೋಡಿನ ಲೆಕ್ಕ ಇದೆ, ದಿನಾ ಅಷ್ಟು ಬೀಳಲ್ಲ ನಿಜ. ಆದ್ರೆ ಟ್ಯಾಂಕ್ ಹಗಲೂ ರಾತ್ರಿ ಕೂತೇ ಇರತ್ತೆ, ಗಾಳಿ ಬಂದಾಗಲೂ ಕೂತಿರತ್ತೆ. ಬ್ರೇಸಿಂಗ್ ಇಲ್ಲದ ಈ ಶೆಡ್ ಮೇಲೆ ಅದನ್ನ ಇಡೋ ಮಾತೇ ಬೇಡ. ಬ್ರೇಸಿಂಗ್ ಆದ ಮೇಲೆ ಕಂಬಗಳು ತಡೀತವೆ, 10.5ರ ಒಂದೂವರೆ ಪಟ್ಟು 15.8, ನಿಮ್ಮ ಬಾಗಿದ ಪೈಪಿಗೂ 30ರವರೆಗೆ ಬರತ್ತೆ. ಆದ್ರೂ ಮೇಲಿನ ಪೈಪುಗಳು, ಬುಡದ ಗುಂಡಿ, ಭೂಕಂಪಕ್ಕೆ ಅಷ್ಟು ಎತ್ತರದಲ್ಲಿ ಒಂದು ಟನ್ ಅಲ್ಲಾಡೋದು, ಇದನ್ನೆಲ್ಲ ಬೇರೆ ನೋಡ್ಬೇಕಾಗತ್ತೆ. ಟ್ಯಾಂಕಿಗೆ ಪಕ್ಕದಲ್ಲಿ ಬೇರೆ ಗಿಡ್ಡ ಸ್ಟ್ಯಾಂಡ್ ಮಾಡಿಸಿ ಅಂತ ಅಪ್ಪಯ್ಯನವರಿಗೆ ನನ್ನ ಹೆಸರಲ್ಲೇ ಹೇಳಿ.

ಬ್ರೇಸಿಂಗ್ ಹೀಗೆ ಮಾಡ್ಬಹುದು. ಹಿಂದೆ ಮತ್ತು ಎಡಕ್ಕೆ ಪೂರ್ತಿ ಕ್ರಾಸ್, ಬುಡದಿಂದ ತಲೆಗೆ. ಬಲಕ್ಕೆ ತಲೆ ಮೇಲಿಂದ ಹೋಗೋ ಹಾಗೆ ಎರಡೂ ಮೂಲೆಯಲ್ಲಿ 45 ಡಿಗ್ರಿ ಸಪೋರ್ಟ್ ಪೈಪು, ಕಂಬದಲ್ಲಿ ಮೂರೂವರೆ ಅಡಿ ಕೆಳಗಿಂದ ಶುರುವಾಗಿ ಮೇಲಿನ ಪೈಪಿಗೆ ಮೂರೂವರೆ ಅಡಿ ಒಳಗೆ ಹೋಗಿ ಸೇರಲಿ, ಆಗ ಕೆಳಗೆ ಒಂಬತ್ತೂವರೆ ಅಡಿ ಓಡಾಡೋಕೆ ಖಾಲಿ ಸಿಗತ್ತೆ. ಮುಂದೂ ಅದೇ ಥರ. ಇದು ಪೂರ್ತಿ ಕ್ರಾಸಿನಷ್ಟು ಬಿಗಿ ಅಲ್ಲ, ಆದ್ದರಿಂದ ಶೀಟಿನ ಕೆಳಗೆ, ಸೂರಿನ ಮಟ್ಟದಲ್ಲಿ ಮೂಲೆಯಿಂದ ಮೂಲೆಗೆ ಎರಡು ಪೈಪ್ ಹಾಕ್ಲೇಬೇಕು, ಆಗ ಗಟ್ಟಿ ಇರೋ ಹಿಂದಿನ ಮತ್ತು ಎಡದ ಬದಿ ಉಳಿದ ಎರಡನ್ನೂ ಹಿಡ್ಕೊಳ್ಳತ್ತೆ. ಮಲೆನಾಡಿನ ಗಾಳಿ ಶೀಟನ್ನ ಮೇಲಕ್ಕೆ ಎಳೆಯತ್ತೆ, ಬುಡದ ಕಾಂಕ್ರೀಟ್ ತೂಕ ಅದಕ್ಕೂ ಸಾಲಬೇಕು. ನಿಮ್ಮ ಊರಿನ ಇಂಜಿನಿಯರ್ ಒಬ್ಬರು ಬಂದು ಜಾಗ ನೋಡಿ ಪೈಪ್ ಸೈಜು, ಗುಂಡಿ ಸೈಜು ಹೇಳಲಿ, ಇಲ್ಲಿಂದ ನಾನು ಅದನ್ನ ಹೇಳೋದು ಸರಿ ಅಲ್ಲ.

25 ಮಿಮೀ ವಾಲಿರೋ ಕಂಬ ಬಿಚ್ಚಿ ಮತ್ತೆ ನಿಲ್ಲಿಸಿ. ಬಾಗಿರೋ ಪೈಪ್ ನೆಟ್ಟಗೆ ಮಾಡಿಸಿ, 4 ಮಿಮೀ ಒಳಗೆ ಬಂದ್ರೆ ಚೆನ್ನ. ಅದನ್ನ ಹಿಂದಿನ ಎಡ ಮೂಲೆಗೆ ಹಾಕಿ, ಅಲ್ಲಿ ಎರಡೂ ದಿಕ್ಕಿಗೆ ಕ್ರಾಸ್ ಇರತ್ತೆ.

ಹುಬ್ಬಳ್ಳಿ_ಫ್ಯಾಬ್ರಿಕೇಶನ್

ಒಂದು ಮಾತು ಬಿಟ್ಟಿತ್ರಿ. ಕಂಬಕ್ಕ ಸಪೋರ್ಟ್ ಪೈಪು ವೆಲ್ಡ್ ಮಾಡುವಾಗ ಒಂದ ಕಡಿ ಉದ್ದಕ ಎಳದು ಮುಗಸಬ್ಯಾಡ್ರಿ ಅಂತ ಹೇಳ್ರಿ. ವೆಲ್ಡ್ ಆರುವಾಗ ಕಂಬ ಆ ಕಡಿಗೆ ಬಾಗತೈತಿ, ನೆಟ್ಟಗ ಮಾಡಿದ್ದೆಲ್ಲಾ ಹಾಳು. ಮೊದಲ ಎಲ್ಲಾ ಕಡಿ ಟಾಕಾ ಹಾಕಿ, ಗುಂಡು ಬಿಟ್ಟು ನೋಡಿ, ಆಮ್ಯಾಲ ಈ ಕಡಿ ಒಂದಿಷ್ಟು ಎದುರ ಕಡಿ ಒಂದಿಷ್ಟು ಹಾಕ್ಕೋತ ಹೋಗಬೇಕು. ಗುಂಡು ಎರಡು ಮುಖಕ್ಕ ಬಿಡ್ರಿ, ಒಂದ ಮುಖಕ್ಕ ಬಿಟ್ಟು ನೋಡಿದ್ರ ಇನ್ನೊಂದು ದಿಕ್ಕಿಗೆ ವಾಲಿದ್ದು ಗೊತ್ತಾಗಂಗಿಲ್ಲ. ಕಂಬದ ತಲಿಗೆ ಮುಚ್ಚಳ ಪ್ಲೇಟ್ ಹಾಕಿಸ್ರಿ, ಒಳಗ ನೀರು ಇಳದ್ರ ಬುಡ ಒಳಗಿಂದನ ತಿಂತೈತಿ.

ಅಡಿಕೆತೋಟ_ತೀರ್ಥಹಳ್ಳಿ

ಹೇಳಿದ್ದೆಲ್ಲ ಬರ್ಕೊಂಡೆ. ಈಗ ವೆಲ್ಡಿಂಗಿನವರ ಹತ್ರ ಕೂತು ಮಾತಾಡ್ದೆ, ಏಣಿ ಹತ್ತಿಸಿ ಅವರ ಕೈಯಲ್ಲೇ ಕಂಬದ ತಲೆ ಅಲ್ಲಾಡಿಸಿದೆ, ಮರುಮಾತಾಡದೆ ಕ್ರಾಸಿಗೆ ಎಷ್ಟು ಪೈಪ್ ಬೇಕು ಅಂತ ಲೆಕ್ಕ ಹಾಕೋಕೆ ಕೂತ್ರು. ನಾಳೆ ಬೆಳಿಗ್ಗೆ ಆ ಕಂಬ ಬಿಚ್ತೀವಿ. ತೀರ್ಥಹಳ್ಳಿಯಿಂದ ಇಂಜಿನಿಯರ್ ಒಬ್ಬರು ಶನಿವಾರ ಬರ್ತೀನಿ ಅಂದಿದಾರೆ, ಅಲ್ಲಿವರೆಗೆ ಗುಂಡಿಗೆ ಕಾಂಕ್ರೀಟ್ ಹಾಕಲ್ಲ. ಟ್ಯಾಂಕಿನ ವಿಷಯ ಅಪ್ಪಯ್ಯನಿಗೆ ಪೊರಕೆ ಕಡ್ಡಿ ಹಿಡಿದು ತೋರಿಸಿದೆ, ಮೊದಲು ಉದ್ದ ಕಡ್ಡಿ, ಆಮೇಲೆ ಅರ್ಧ. ಅವರು ಕಡ್ಡಿ ಇಸ್ಕೊಂಡು ತಾವೂ ಎರಡು ಸಲ ಒತ್ತಿ ನೋಡಿದ್ರು, ಆಮೇಲೆ ಬಾವಿ ಪಕ್ಕದಲ್ಲಿ ಜಾಗ ಇದೆಯಲ್ಲ, ಸ್ಟ್ಯಾಂಡ್ ಅಲ್ಲೇ ಮಾಡ್ಸು ಅಂದ್ರು.